ಆಟ ಪುಕ್ಕಟೆ, ಚೌಕಿಗೆ ಟಿಕೆಟ್

ಶಿರಸಿ ಹತ್ತಿರದ ಹಳ್ಳಿಯಲ್ಲಿ ನನ್ನ ಸ್ನೇಹಿತನೊಬ್ಬ ಹವ್ಯಕ ಮಾತಿನಲ್ಲಿ ನಗೆ ವಿಡಿಯೋ ಮಾಡುತ್ತಾನೆ. ಅಡಿಕೆ ಒಣಗಿಸುವ ಅಂಗಳವೇ ಅವನ ಸ್ಟುಡಿಯೋ. ಅಪ್ಪನ ಪಂಚೆ, ಅಮ್ಮನ ಹಳೇ ಸೀರೆ, ತಲೆಗೊಂದು ಹಾಳೆ ಟೊಪ್ಪಿ, ವೇಷಭೂಷಣ ಅಂದರೆ ಇಷ್ಟೇ. ಕಳೆದ ವರ್ಷ ಅವನದೊಂದು ಯೂಟ್ಯೂಬ್ ಶಾರ್ಟ್ಸ್ (ಪುಟ್ಟ ವಿಡಿಯೋ) ಆರು ಲಕ್ಷ ಸಲ ಓಡಿತು. ಮದುವೆ ಮನೆಯಲ್ಲಿ ಕೈ ಕುಲುಕುವವರೇನು, ಬಸ್ ಸ್ಟ್ಯಾಂಡಿನಲ್ಲಿ ಸೆಲ್ಫಿ ಕೇಳುವವರೇನು! ಎಷ್ಟು ದುಡ್ಡು ಬಂತೋ ಅಂತ ಕೇಳಿದೆ. ಫೋನ್ ತೆಗೆದು ತೋರಿಸಿದ. "ಒಂದು ಸಿಲಿಂಡರ್ ಬತ್ತು ನೋಡು. ರೆಗ್ಯುಲೇಟರಿಗೆ ಮನೆಯಿಂದಲೇ ಕೊಡವು" ಅಂದ.

ಊರಿಗೆಲ್ಲ ಗೊತ್ತಿರುವ ಮುಖ, ಕಿಸೆ ಮಾತ್ರ ಖಾಲಿ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇವನೊಬ್ಬನೇ ಹೀಗಿಲ್ಲ. ಕಾರವಾರದಲ್ಲಿ ಕೊಂಕಣಿಯಲ್ಲಿ, ಅಂಕೋಲಾ-ಕುಮಟಾ ಕಡೆ ಅಲ್ಲಿಯ ಕನ್ನಡದಲ್ಲಿ, ಸಿದ್ದಾಪುರ-ಯಲ್ಲಾಪುರದಲ್ಲಿ ಹವ್ಯಕ ಮಾತಿನಲ್ಲಿ ರೀಲ್ಸ್ ಮಾಡುವ ಹುಡುಗ-ಹುಡುಗಿಯರು ಈಗ ಬೇಕಾದಷ್ಟು ಜನ. ಅವರಲ್ಲಿ ಹಲವರಿಗೆ ಈಗ ಒಂದೇ ಯೋಚನೆ. ಜಾಹೀರಾತಿನ ಚಿಲ್ಲರೆ ನಂಬಿ ಕೂರುವ ಬದಲು ಅಭಿಮಾನಿಗಳಿಂದಲೇ ನೇರ ದುಡ್ಡು ತಗೊಂಡರೆ ಹೇಗೆ? ತಿಂಗಳಿಗೆ ಇಷ್ಟು ಅಂತ ಕೊಟ್ಟವರಿಗೆ ಮಾತ್ರ ಕಾಣುವ ವಿಡಿಯೋ, ಅವರಿಗಷ್ಟೇ ಲೈವ್, ಅವರದ್ದೇ ಒಂದು ಗುಂಪು. ಇದು ನಡೆಯುತ್ತದಾ? ನಡೆಯುತ್ತದೆ ಅಂತಲೇ ನನ್ನ ಲೆಕ್ಕ. ಆದರೆ ಹೆಚ್ಚಿನವರು ಬೀಗ ಹಾಕುವ ಬಾಗಿಲೇ ತಪ್ಪು.

ಇದು ನಮಗೆ ಪೂರ್ತಿ ಹೊಸದೂ ಅಲ್ಲ. ಡೇರೆ ಮೇಳದ ಯಕ್ಷಗಾನ ನೋಡಿದವರಿಗೆ ನೆನಪಿರಬಹುದು. ನೆಲದ ಟಿಕೆಟ್ ಬೇರೆ, ಕುರ್ಚಿಯದ್ದು ಬೇರೆ, ಮುಂದಿನ ಆರಾಮ ಕುರ್ಚಿಯದ್ದು ಬೇರೆ. ಆಟ ಮಾತ್ರ ಎಲ್ಲರಿಗೂ ಒಂದೇ. ಅದೇ ಭಾಗವತರು, ಅದೇ ಚಂಡೆ, ಹಾಸ್ಯಗಾರ ಹಾರಿಸಿದ ಚಟಾಕಿ ನೆಲದವನಿಗೂ ಕೇಳುತ್ತಿತ್ತು. ಹಾಗಾದರೆ ಮುಂದೆ ಕೂತವನು ಜಾಸ್ತಿ ದುಡ್ಡು ಕೊಟ್ಟು ಕೊಂಡದ್ದೇನು? ಹತ್ತಿರ. ಹಾಸ್ಯಗಾರ ಅವನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಏನು ಹೆಗಡೇರೆ, ಈ ಸಲ ಅಡಿಕೆ ರೇಟು ಚೊಲೋ ಇದ್ದಂಗೆ ಕಾಣ್ತದೆ, ಆರಾಮ ಕುರ್ಚೀಲಿ ಕೂತಿದ್ರಿ" ಅಂದರೆ ಮುಗೀತು, ಟಿಕೆಟ್ ದುಡ್ಡು ಅಲ್ಲೇ ವಸೂಲಿ.

ಇನ್ನೂ ಹತ್ತಿರದವರು ಚೌಕಿಗೇ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗಕ್ಕೇ, ಹೋಗುತ್ತಿದ್ದರು. ಬಣ್ಣ ಹಚ್ಚಿಕೊಳ್ಳುವುದನ್ನು ನೋಡುವುದು, ಕಲಾವಿದರ ಸಂಗಡ ಒಂದು ಚಾ ಕುಡಿಯುವುದು. ಸಣ್ಣವನಿದ್ದಾಗ ಮಾವನ ಸಂಗಡ ಒಮ್ಮೆ ನಾನೂ ಚೌಕಿಗೆ ಹೋಗಿದ್ದೆ. ರಂಗದ ಮೇಲೆ ಇಡೀ ಊರನ್ನು ನಗಿಸಿದ ಹಾಸ್ಯಗಾರರು ಅಲ್ಲಿ ಪೆಟ್ಟಿಗೆಗೆ ಒರಗಿಕೊಂಡು, ಕಾಲಿಗೆ ಎಣ್ಣೆ ತಿಕ್ಕುತ್ತ, ಗಂಭೀರವಾಗಿ ಮಗಳ ಪರೀಕ್ಷೆಯ ವಿಷಯ ಮಾತಾಡುತ್ತಿದ್ದರು. ಅವತ್ತಿನ ಪ್ರಸಂಗ ಯಾವುದು ಅಂತ ಮರೆತೇ ಹೋಗಿದೆ. ಆ ಎಣ್ಣೆಯ ವಾಸನೆ ಮರೆತಿಲ್ಲ.

ಅಂತರ್ಜಾಲದಲ್ಲಿ ದುಡ್ಡಿಗೆ ಮಾರಬೇಕಾದದ್ದು ಈ ಚೌಕಿಯನ್ನು. ರಂಗಸ್ಥಳವನ್ನು ಪುಕ್ಕಟೆ ಬಿಡಬೇಕು. ಯಾಕೆ ಅಂತ ಹೇಳುವ ಮೊದಲು ಸ್ವಲ್ಪ ಲೆಕ್ಕ ನೋಡೋಣ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು (ಪುಕ್ಕಟೆ ಸಬ್‌ಸ್ಕ್ರೈಬ್ ಮಾಡಿದವರು) ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್ ಒಂದು ಕೋಟಿ ಸಲ ಓಡಿರಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಹೊತ್ತು ಆ 4,000 ಗಂಟೆಗೆ ಸೇರುವುದಿಲ್ಲ, ಇದು ಬಹಳ ಜನರಿಗೆ ಗೊತ್ತಿಲ್ಲ. ಆದರೆ ಇದಕ್ಕಿಂತ ಕೆಳಗೆ ಇನ್ನೊಂದು ಮೆಟ್ಟಿಲಿದೆ. 2023ರಲ್ಲಿ ಬಂದದ್ದು. 500 ಚಂದಾದಾರರು, 90 ದಿನದಲ್ಲಿ ಮೂರು ವಿಡಿಯೋ, ವರ್ಷಕ್ಕೆ 3,000 ಗಂಟೆ ಅಥವಾ 90 ದಿನದಲ್ಲಿ 30 ಲಕ್ಷ ಶಾರ್ಟ್ಸ್ ವ್ಯೂ. ಈ ಮೆಟ್ಟಿಲಲ್ಲಿ ಜಾಹೀರಾತಿನ ದುಡ್ಡು ಬರುವುದಿಲ್ಲ. ಆದರೆ ಚಾನೆಲ್ ಮೆಂಬರ್‌ಶಿಪ್ (ತಿಂಗಳ ಚಂದಾ), ಸೂಪರ್ ಚಾಟ್ (ಲೈವ್ ನಡುವೆ ದುಡ್ಡು ಕೊಟ್ಟು ಬರೆಯುವುದು), ಸೂಪರ್ ಥ್ಯಾಂಕ್ಸ್ (ವಿಡಿಯೋ ಮೆಚ್ಚಿ ಕೊಡುವ ದುಡ್ಡು) ತೆರೆಯುತ್ತವೆ. ಅಂದರೆ ಅಭಿಮಾನಿಯ ದುಡ್ಡಿನ ಬಾಗಿಲು ಜಾಹೀರಾತಿನ ಬಾಗಿಲಿಗಿಂತ ಮೊದಲೇ ತೆರೆಯುತ್ತದೆ. ಸಣ್ಣ ಭಾಷೆಯಲ್ಲಿ ನಗಿಸುವವರಿಗೆ ಇದು ದೊಡ್ಡ ಮಾತು.

ಪಾಲಿನಲ್ಲೂ ವ್ಯತ್ಯಾಸ ಇದೆ. ಉದ್ದ ವಿಡಿಯೋದ ಜಾಹೀರಾತಿನಲ್ಲಿ ಮಾಡಿದವರಿಗೆ ಶೇ 55, ಶಾರ್ಟ್ಸ್‌ನಲ್ಲಿ ಶೇ 45, ಮೆಂಬರ್‌ಶಿಪ್ಪಿನಲ್ಲಿ ಶೇ 70. ತಿಂಗಳಿಗೆ 59 ರೂಪಾಯಿ ಇಟ್ಟಿರಿ ಅಂತ ಇಟ್ಟುಕೊಳ್ಳಿ. ಅದರಲ್ಲೇ ಸೇರಿರುವ ಶೇ 18 ಜಿಎಸ್‌ಟಿ ಕಳೆದರೆ ಉಳಿಯುವುದು 50. ಅದರ ಶೇ 70 ಅಂದರೆ 35. ಇನ್ನೂರು ಜನ ಸೇರಿದರೆ ತಿಂಗಳಿಗೆ 7,000 ರೂಪಾಯಿ. ಇದರಲ್ಲಿ ಸಂಸಾರ ನಡೆಯುವುದಿಲ್ಲ, ನಿಜ. ಆದರೆ ಈ ದುಡ್ಡು ವೈರಲ್ ಆಗುವುದನ್ನು ಕಾಯುತ್ತ ಕೂರುವುದಿಲ್ಲ, ತಿಂಗಳು ತಿಂಗಳು ಬರುತ್ತದೆ. ಆರು ಲಕ್ಷ ಜನ ನೋಡಿ ಒಂದು ಸಿಲಿಂಡರ್. ಇನ್ನೂರು ಜನ ಮನಸ್ಸು ಮಾಡಿದರೆ ಏಳು ಸಾವಿರ. ನನ್ನ ಸ್ನೇಹಿತ ಈ ಲೆಕ್ಕ ಕೇಳಿ ಎರಡು ನಿಮಿಷ ಸುಮ್ಮನಿದ್ದ. ಅವನು ಸುಮ್ಮನಿರುವುದು ಅಪರೂಪ.

ಅಮೆರಿಕದ ಕೆವಿನ್ ಕೆಲ್ಲಿ ಎಂಬ ಲೇಖಕರು 2008ರಲ್ಲಿ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಕಲಾವಿದ ಬದುಕಬಹುದು ಅಂತ ಬರೆದರು. ಆ ಲೆಕ್ಕದಲ್ಲಿ ಒಬ್ಬೊಬ್ಬ ಅಭಿಮಾನಿಯಿಂದ ವರ್ಷಕ್ಕೆ 100 ಡಾಲರ್ ಬರಬೇಕು. ನಮ್ಮ ಕಡೆ ಅದು ಆಗದ ಮಾತು. ಕುಮಟಾದಲ್ಲಿ ಕೂತು ನೋಡುವವರು ಡೇಟಾ ಪ್ಯಾಕಿಗೆ ಕೊಟ್ಟದ್ದೇ ಜಾಸ್ತಿ ಆಯ್ತು ಅಂತಾರೆ. ಆದರೆ ನಮ್ಮ ಊರ ಮಾತು ಕೇಳಿದರೆ ಕಣ್ಣು ಒದ್ದೆ ಆಗುವವರು ಬೇರೆ ಕಡೆ ಇದ್ದಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಪುಣೆ-ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ. ಊರ ಮಾತು ದಿನಾ ಕಿವಿಗೆ ಬೀಳದವರು. ಅವರಿಗೆ "ಎಂತದೋ ಅದು" ಅನ್ನುವ ಒಂದು ಮಾತೇ ನಗು, ಅದೇ ಅಳು. ದುಡ್ಡು ಕೊಡುವವರು ಇವರು. ಪ್ರಮಾಣ ಕನ್ನಡದಲ್ಲಿ ಮಾಡಿದರೆ ಜಾಸ್ತಿ ಜನಕ್ಕೆ ತಲುಪುತ್ತದೆ ಅಂತ ಎಷ್ಟೋ ಹುಡುಗರು ತಮ್ಮ ಮಾತು ಬಿಡುತ್ತಾರೆ. ವ್ಯೂ ಲೆಕ್ಕಕ್ಕೆ ಅದು ಸರಿ ಇರಬಹುದು, ಚಂದಾ ಲೆಕ್ಕಕ್ಕೆ ಪೂರ್ತಿ ತಪ್ಪು.

ಈಗ ಬೀಗದ ವಿಷಯ. ಹೆಚ್ಚಿನವರು ಮಾಡುವುದೇನೆಂದರೆ, ಒಳ್ಳೇ ಸ್ಕಿಟ್‌ಗಳನ್ನು ಮೆಂಬರ್‌ಗಳಿಗೆ ಅಂತ ಒಳಗಿಟ್ಟು, ಉಳಿದದ್ದನ್ನು ಹೊರಗೆ ಬಿಡುತ್ತಾರೆ. ಎರಡು ಕಾರಣಕ್ಕೆ ಇದು ಕೆಡುತ್ತದೆ.

ನಗೆ ಹರಡಿದಷ್ಟೂ ಬೆಳೆಯುವ ಸಾಮಾನು. ವಾಟ್ಸಾಪಿನಲ್ಲಿ ಅತ್ತೆ ಸೊಸೆಗೆ ಕಳಿಸಬೇಕು, ಸೊಸೆ ತವರಿಗೆ ಕಳಿಸಬೇಕು. ಒಳ್ಳೇದನ್ನು ಒಳಗಿಟ್ಟರೆ ಹೊಸಬರು ಬರುವ ದಾರಿಯೇ ಮುಚ್ಚಿತು. ಹೊರಗಿನ ವಿಡಿಯೋ ಸಪ್ಪೆ ಇದ್ದರೆ ಒಳಗೆ ಬರಲು ಯಾರಿಗೆ ಮನಸ್ಸು ಬರುತ್ತದೆ? ಯಕ್ಷಗಾನದವರು ಒಳ್ಳೇ ಚಂಡೆಯವನಿಗೆ ಡೇರೆಯೊಳಗೆ ಮೆತ್ತಗೆ ಬಾರಿಸು ಅನ್ನಲಿಲ್ಲ. ಮೂರು ಊರಿಗೆ ಕೇಳಲಿ ಅಂತಲೇ ಬಾರಿಸಿದರು.

ಇನ್ನೊಂದು, ಬೀಗ ನಿಲ್ಲುವುದಿಲ್ಲ. ಒಬ್ಬ ಮೆಂಬರ್ ಸ್ಕ್ರೀನ್ ರೆಕಾರ್ಡ್ ಮಾಡಿದರೆ ಸಂಜೆಯೊಳಗೆ ಎಲ್ಲ ಗುಂಪುಗಳಲ್ಲೂ ಅದೇ. 2025ರ ಫೆಬ್ರುವರಿಯಲ್ಲಿ ಹಾಸ್ಯ ಕಲಾವಿದ ಸಮಯ್ ರೈನಾ ಅವರ ಯೂಟ್ಯೂಬ್‌ 'ಇಂಡಿಯಾಸ್ ಗಾಟ್ ಲೇಟೆಂಟ್' ಕಾರ್ಯಕ್ರಮದ ಗಲಾಟೆ ನೆನಪಿದೆಯಲ್ಲ. ದುಡ್ಡು ಕೊಟ್ಟು ಸೇರಿದವರಿಗಾಗಿ ಆ ಕಾರ್ಯಕ್ರಮದ ಹೆಚ್ಚುವರಿ ಕಂತುಗಳಿದ್ದವು. ಅಂಥದೊಂದು ಕಂತಿನ ಸಣ್ಣ ತುಣುಕು ಹೊರಗೆ ಬಂದು ದೇಶವೆಲ್ಲ ಓಡಾಡಿತು. ಮಹಾರಾಷ್ಟ್ರ, ಅಸ್ಸಾಂಗಳಲ್ಲಿ ಪೊಲೀಸ್ ಪ್ರಕರಣ ಆಯಿತು. ಕೊನೆಗೆ ರೈನಾ ಎಲ್ಲ ಕಂತುಗಳನ್ನೂ ತೆಗೆದುಹಾಕಿದರು. ಅಲ್ಲಿ ಆಡಿದ ಮಾತು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿ ಬೇಡ. ಒಳಗೆ ನಮ್ಮವರೇ ಇದ್ದಾರೆ ಅಂತ ನಾಲಗೆ ಸಡಿಲ ಬಿಡುವವರು ಮಾತ್ರ ಇದನ್ನು ನೆನಪಿಡಬೇಕು. ಅದರಲ್ಲೂ ನಮ್ಮಂಥ ಜಿಲ್ಲೆಯಲ್ಲಿ ಜಾತಿ, ಮಠ, ಊರ ದೇವಸ್ಥಾನದ ಮೇಲಿನ ಚಟಾಕಿ ಒಳಗೆ ಹೇಳಿದರೂ ಒಂದೇ, ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಮೈಕ್ ಹಿಡಿದು ಹೇಳಿದರೂ ಒಂದೇ.

ಹಾಗಂತ ವಿಡಿಯೋವನ್ನೇ ಮಾರಿ ಗೆದ್ದವರು ಇಲ್ಲವೇ ಇಲ್ಲ ಅಂತಲ್ಲ. 2011ರ ಡಿಸೆಂಬರಿನಲ್ಲಿ ಅಮೆರಿಕದ ಹಾಸ್ಯ ಕಲಾವಿದ ಲೂಯಿ ಸಿ.ಕೆ. ತಮ್ಮ ಒಂದು ಕಾರ್ಯಕ್ರಮವನ್ನು ಸ್ವಂತ ವೆಬ್‌ಸೈಟಿನಲ್ಲಿ 5 ಡಾಲರಿಗೆ ಇಟ್ಟರು. ಬೀಗವೂ ಇಲ್ಲ, ಗೀಗವೂ ಇಲ್ಲ. ಕದಿಯಬೇಡಿ ಅಂತ ಒಂದು ಕೋರಿಕೆ ಮಾತ್ರ. ಎರಡು ವಾರದೊಳಗೆ ಹತ್ತು ಲಕ್ಷ ಡಾಲರ್ ದಾಟಿತು. ಆಮೇಲೆ ಆ ಮನುಷ್ಯನ ಹೆಸರು ಬೇರೆ ಕಾರಣಕ್ಕೆ ಕೆಟ್ಟಿತು, ಅದು ಬೇರೆ ಮಾತು. ಆದರೆ ಅಷ್ಟು ಹೊತ್ತಿಗೆ ಅವರು ಟಿವಿಯಲ್ಲಿ ಹೆಸರು ಮಾಡಿದ್ದರು ಅನ್ನುವುದನ್ನು ಮರೆಯಬಾರದು. ಅಂಗಡಿ ತೆಗೆಯುವ ಮೊದಲೇ ಗಿರಾಕಿಗಳ ಸಾಲು ಇತ್ತು.

ಹಾಗಾದರೆ ಚೌಕಿಯಲ್ಲಿ ಏನಿಡಬಹುದು? ನನ್ನ ಸ್ನೇಹಿತ ಮೊದಲು ಇಟ್ಟದ್ದು ತಪ್ಪಾದ ಟೇಕ್‌ಗಳು. ಮಾತು ತಪ್ಪಿದ್ದು, ನಡುವೆ ಆಕಳು ಬಂದು ಒಣಹಾಕಿದ ಅಡಿಕೆಯ ಮೇಲೆ ನಡೆದದ್ದು, ಒಳಗಿಂದ ಅಮ್ಮ "ಸಾಕೋ, ಊಟಕ್ಕೆ ಬಾ" ಅಂತ ಕೂಗಿದ್ದು. ಇದಕ್ಕೆ ಅವನು ಖರ್ಚು ಮಾಡಿದ್ದು ಸೊನ್ನೆ. ಮೆಂಬರ್‌ಗಳು ಸ್ಕಿಟ್‌ಗಿಂತ ಇದನ್ನೇ ಜಾಸ್ತಿ ನೋಡಿದರು. ಅವನ ಅಮ್ಮನಿಗೆ ಈಗ ಅವನಿಗಿಂತ ಹೆಚ್ಚು ಅಭಿಮಾನಿಗಳು. ಆಮೇಲೆ ತಿಂಗಳಿಗೊಂದು ಲೈವ್ ಹರಟೆ ಶುರು ಮಾಡಿದ. ಸೇರಿದವರ ಹೆಸರು ಹಿಡಿದು ಮಾತಾಡಿಸುವುದು, ಮುಂದಿನ ಸ್ಕಿಟ್‌ಗೆ ವಿಷಯ ಅವರಿಂದಲೇ ಕೇಳುವುದು. ಒಮ್ಮೆ ಒಬ್ಬರು ತಮ್ಮ ಅಜ್ಜನ ಅಡ್ಡಹೆಸರು ಹೇಳಿದರು. ಮುಂದಿನ ಸ್ಕಿಟ್ಟಿನಲ್ಲಿ ಆ ಹೆಸರಿನ ಪಾತ್ರ ಬಂತು. ಅವರ ಇಡೀ ಕುಟುಂಬ ಮೆಂಬರ್ ಆಯಿತು, ಏಳು ಜನ. ಆರಾಮ ಕುರ್ಚಿಯ ವ್ಯಾಪಾರ ಅಂದರೆ ಇದು.

ಆದರೆ ನಿಜವಾದ ದುಡ್ಡು ಕಂಡದ್ದು ಇನ್ನೊಂದು ಕಡೆ. ಮದುವೆ ಕರೆಯ, ಅಂದರೆ ಮದುವೆಗೆ ಕರೆಯುವುದು.

ಬೆಂಗಳೂರಿನಲ್ಲಿರುವ ಮೆಂಬರ್ ಒಬ್ಬರು, ಮಗಳ ಮದುವೆಗೆ ನಮ್ಮ ಮಾತಿನಲ್ಲಿ ಒಂದು ಕರೆಯುವ ವಿಡಿಯೋ ಮಾಡಿಕೊಡುತ್ತೀಯಾ ಅಂತ ಕೇಳಿದರು. ಇವನು ಮಾಡಿದ. ಮನೆ ಮನೆಗೆ ಹೋಗಿ ಮಂತ್ರಾಕ್ಷತೆ ಕೊಟ್ಟು ಕರೆಯುವ ಮುದುಕನ ಪಾತ್ರ. ಬಾಗಿಲಲ್ಲೇ ನಿಂತು "ಹಿಂದಿನ ದಿನವೇ ಬರವು ಹಾಂ" ಅಂದು, ಆಸರಿಗೆ (ಕುಡಿಯಲು) ಬೇಡ ಬೇಡ ಅನ್ನುತ್ತಲೇ ಮೂರು ಲೋಟ ಪಾನಕ ಕುಡಿದು, ಹೊರಡುವಾಗ ಮದುವೆ ತಾರೀಖು ಹೇಳುವುದನ್ನೇ ಮರೆತು, ಮತ್ತೆ ಓಡಿ ಬಂದು ಹೇಳುವುದು. ಎರಡು ನಿಮಿಷ. ಅದಕ್ಕೆ ಸಿಕ್ಕ ದುಡ್ಡು ಅವನ ಮೂರು ತಿಂಗಳ ಜಾಹೀರಾತಿನ ದುಡ್ಡಿಗಿಂತ ಜಾಸ್ತಿ. ಆ ವಿಡಿಯೋ ನೆಂಟರಿಷ್ಟರ ಗುಂಪುಗಳಲ್ಲಿ ಓಡಾಡಿ ಇನ್ನೆರಡು ಮದುವೆ, ಒಂದು ಉಪನಯನ, ಒಂದು ಗೃಹಪ್ರವೇಶ ತಂದುಕೊಟ್ಟಿತು. ಇಲ್ಲಿ ಸೋರಿಕೆಯ ಹೆದರಿಕೆಯೇ ಇಲ್ಲ, ಸೋರಿದಷ್ಟೂ ಲಾಭ. ಬೇಡಿಕೆ ಮೇಲೆ ಇಂಥ ವಿಡಿಯೋ ಮಾಡಿಕೊಡುವುದನ್ನೇ ಅಮೆರಿಕದ ಕ್ಯಾಮಿಯೋ ಎಂಬ ಕಂಪನಿ ದೊಡ್ಡ ದಂಧೆ ಮಾಡಿಕೊಂಡಿತು. ನಮ್ಮಲ್ಲಿ ಅದಕ್ಕೆ ಕಂಪನಿಯ ಅಗತ್ಯ ಇಲ್ಲ, ಒಂದು ಫೋನ್ ಸಾಕು. ದರ ಮಾತ್ರ ಮೊದಲೇ ಹೇಳಿಬಿಡಬೇಕು, ಅರ್ಧ ಮುಂಗಡ ಹಿಡಿಯಬೇಕು. "ನಮ್ಮವನೇ ಅಲ್ವಾ" ಅನ್ನುವ ನೆಂಟರೇ ಈ ಧಂದೆಯ ದೊಡ್ಡ ಶತ್ರು.

ದುಡ್ಡು ಬರುವ ದಾರಿಯಲ್ಲೂ ಕಲ್ಲು-ಮುಳ್ಳು ಇದೆ. ಪೇಟ್ರಿಯಾನ್‌ನಂಥ ವಿದೇಶಿ ಚಂದಾ ತಾಣಗಳು ಹೊರದೇಶದ ಅಭಿಮಾನಿಗಳಿಗೆ ಸಲೀಸು. ಭಾರತದವರಿಗೆ ಅಷ್ಟು ಸಲೀಸಲ್ಲ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಬಿಗಿ ನಿಯಮ ತಂದಿತು. ಮೊದಲ ಸಲ ಒಟಿಪಿ, ಪ್ರತಿ ಸಲ 24 ಗಂಟೆ ಮೊದಲು ಸೂಚನೆ. ಗ್ರಾಹಕರಿಗೆ ಒಳ್ಳೆಯದೇ. ಆದರೆ ಆಗ ಎಷ್ಟೋ ವಿದೇಶಿ ತಾಣಗಳ ಚಂದಾ ನಡುವೆಯೇ ನಿಂತುಹೋಯಿತು. ಅದರ ಮೇಲೆ ಐಫೋನಿನ ಆ್ಯಪ್ ಒಳಗಿಂದಲೇ ದುಡ್ಡು ಕಟ್ಟಿದರೆ ಆಪಲ್‌ನವರ ಪಾಲು ಬೇರೆ. ಆ್ಯಪ್ ಬೇಡ, ವೆಬ್‌ಸೈಟಿಗೆ ಹೋಗಿ ಸೇರಿ ಅಂತ ಅಭಿಮಾನಿಗಳಿಗೆ ಹೇಳಿಕೊಡುವುದು ಒಳ್ಳೆಯದು.

ನಮ್ಮ ಹುಡುಗರು ಮಾಡುವ ಸುಲಭ ಉಪಾಯ ಬೇರೆ. ಯುಪಿಐ ಕ್ಯೂಆರ್ ಹಾಕುವುದು, ದುಡ್ಡು ಬಂದವರನ್ನು ವಾಟ್ಸಾಪ್ ಗುಂಪಿಗೆ ಸೇರಿಸುವುದು. ಯಾರಿಗೂ ಪಾಲು ಕೊಡಬೇಕಾಗಿಲ್ಲ, ಐವತ್ತು ಜನರವರೆಗೆ ಬೆಸ್ಟ್. ಆಮೇಲೆ ತಲೆನೋವು. ಈ ತಿಂಗಳು ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಕೊಡದವರನ್ನು ಗುಂಪಿಂದ ತೆಗೆಯಬೇಕು. ಪರಿಚಯದವರನ್ನು ತೆಗೆಯುವುದು ಹೇಗೆ? ಮರುದಿನ ಸೊಸೈಟಿಯಲ್ಲಿ ಎದುರಿಗೆ ಸಿಗುತ್ತಾರಲ್ಲ! ಹಾಗಾಗಿ ಅಂಥವರಿಗೆ ತಿಂಗಳ ಚಂದಾ ಬದಲು ವರ್ಷದ್ದು ಒಮ್ಮೆಲೇ ತಗೊಳ್ಳುವುದು ಚೊಲೋ. ಇನ್‌ಸ್ಟಾಗ್ರಾಂನಲ್ಲೂ ಚಂದಾ ವ್ಯವಸ್ಥೆ ಇದೆ, ಫೇಸ್‌ಬುಕ್ಕಿನಲ್ಲಿ ಸ್ಟಾರ್ಸ್ ಇದೆ. ಒಂದು ಸ್ಟಾರಿಗೆ ಮಾಡಿದವರ ಕೈಗೆ ಬರುವುದು ಅಮೆರಿಕದ ಒಂದು ಸೆಂಟ್. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವಂಥದ್ದೇನೂ ಇಲ್ಲ.

ಅಮೆರಿಕದಲ್ಲಿ ನೋಡುಗರಿದ್ದರೆ ಒಂದು ಫಾರ್ಮ್ ಮರೆಯಬಾರದು. ಯೂಟ್ಯೂಬಿನ ದುಡ್ಡು ಬರುವ ಗೂಗಲ್ ಆಡ್‌ಸೆನ್ಸ್ ಖಾತೆಯಲ್ಲಿ ಅಮೆರಿಕದ ತೆರಿಗೆ ಮಾಹಿತಿ ತುಂಬದಿದ್ದರೆ ಒಟ್ಟು ಗಳಿಕೆಯ ಮೇಲೆಯೇ ಶೇ 24ರವರೆಗೆ ಹಿಡಿಯಬಹುದು. ತುಂಬಿದರೆ ಅಲ್ಲಿಯ ನೋಡುಗರಿಂದ ಬಂದ ಭಾಗಕ್ಕೆ ಮಾತ್ರ ಹಿಡಿಯುತ್ತಾರೆ, ಅದೂ ಎರಡು ದೇಶಗಳ ಒಪ್ಪಂದದ ಪ್ರಕಾರ ಶೇ 15. ಸ್ನೇಹಿತ ಇದನ್ನು ಎಂಟು ತಿಂಗಳು ತುಂಬದೇ ಕೂತಿದ್ದ, ಇಂಗ್ಲಿಷ್ ಫಾರ್ಮ್ ಅಂತ ಸೋಮಾರಿತನ. ಖಾತೆಯಲ್ಲಿ 100 ಡಾಲರ್ ಆಗದೇ ಆಡ್‌ಸೆನ್ಸ್ ದುಡ್ಡು ಕಳಿಸುವುದೂ ಇಲ್ಲ. ಸಣ್ಣ ಚಾನೆಲ್ಲಿಗೆ ಅಷ್ಟು ಆಗಲು ಕೆಲವೊಮ್ಮೆ ಒಂದು ಮಳೆಗಾಲವೇ ಕಳೆಯುತ್ತದೆ. ಇಲ್ಲಿಯ ಆದಾಯ ತೆರಿಗೆಗೂ ಈ ದುಡ್ಡು ಲೆಕ್ಕಕ್ಕೆ ಬರುತ್ತದೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಆ ಚಿಂತೆ ನಮ್ಮವರಿಗೆ ಸದ್ಯಕ್ಕೆ ಇಲ್ಲ, ಬಂದರೆ ಸಿಹಿ ಹಂಚೋಣ.

ರೀಲ್ಸ್ ಹುಡುಗರಿಗಿಂತ ನನಗೆ ಜಾಸ್ತಿ ಕಾಡುವುದು ಯಕ್ಷಗಾನದ ಹಾಸ್ಯಗಾರರ ವಿಷಯ. ಮೂರೂರು ರಮೇಶ ಭಂಡಾರಿ, ಕಾಸರಕೋಡು ಶ್ರೀಧರ ಭಟ್ಟರಂಥವರ ಹಾಸ್ಯದ ತುಣುಕುಗಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಿಗುತ್ತವೆ. ನಾನೂ ರಾತ್ರಿ ನಿದ್ದೆ ಬಾರದಾಗ ನೋಡುವುದು ಅಂಥದ್ದನ್ನೇ. ಆದರೆ ಯೂಟ್ಯೂಬಿನ ವ್ಯವಸ್ಥೆಯಲ್ಲಿ ದುಡ್ಡು ಹೋಗುವುದು ಚಾನೆಲ್ ಯಾರದ್ದೋ ಅವರಿಗೆ. ರಂಗದ ಮೇಲೆ ನಗಿಸಿದವರಿಗೆ ಅದರಲ್ಲಿ ತಾನಾಗಿ ಯಾವ ಪಾಲೂ ಬರುವುದಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶನ ಕೊಡುವವರ ಹಕ್ಕು ಅಂತಲೇ ಇದೆ, ಅದರ ಅವಧಿ 50 ವರ್ಷ. ಒಪ್ಪಿಗೆ ಇಲ್ಲದೇ ರೆಕಾರ್ಡ್ ಮಾಡಿ ಜನರಿಗೆ ಹಂಚುವ ಹಾಗಿಲ್ಲ. ಆಟದಲ್ಲಿ ಮೊಬೈಲ್ ಹಿಡಿದು ನಿಂತ ಐವತ್ತು ಜನರಿಗೆ ಇದನ್ನು ಯಾರು ಹೇಳುತ್ತಾರೆ?

ಹಾಸ್ಯಗಾರರು ತಾವೇ ಆಟದ ತುಣುಕಿಗೆ ಬೀಗ ಹಾಕಿ ಮಾರಲು ಹೋದರೂ ಕಷ್ಟ. ಅದರಲ್ಲಿ ಭಾಗವತರ ಪದ್ಯ ಇದೆ, ಎದುರು ಪಾತ್ರದ ಮಾತು ಇದೆ, ಮೇಳದ ಹೆಸರಿದೆ. ಎಲ್ಲರ ಒಪ್ಪಿಗೆ ಬೇಕು. ಆದರೆ ಚೌಕಿ ಪೂರ್ತಿ ಅವರದ್ದೇ. ಮೇಳದ ತಿರುಗಾಟ ನಿಂತ ಮಳೆಗಾಲದಲ್ಲಿ ಮನೆಯ ಜಗಲಿಯ ಮೇಲೆ ಕೂತು, ಇಂಥ ಪ್ರಸಂಗದ ದೂತನ ಮಾತು ಹೇಗೆ ಹುಟ್ಟಿತು, ಎದುರಿನ ರಾಜವೇಷ ನಗು ತಡೆಯಲಾಗದೇ ತಿರುಗಿ ನಿಂತ ರಾತ್ರಿ ಯಾವುದು, ಗುರುಗಳು ಯಾವ ಮಾತಿಗೆ ಬೈದರು ಅಂತ ಹೇಳಿದರೆ ಸಾಕು. ಅದಕ್ಕೆ ತಿಂಗಳಿಗೆ ನೂರು ರೂಪಾಯಿ ಕೊಡುವ ಯಕ್ಷಗಾನದ ಹುಚ್ಚರು ಬೆಂಗಳೂರೊಂದರಲ್ಲೇ ಸಿಗುತ್ತಾರೆ, ನನ್ನನ್ನೂ ಸೇರಿಸಿ. ಕೋವಿಡ್ ಕಾಲದಲ್ಲಿ ಆಟ, ತಾಳಮದ್ದಳೆಗಳ ಲೈವ್ ನಡೆದಾಗ ಪರದೆಯ ಕೆಳಗೆ ಬ್ಯಾಂಕ್ ಖಾತೆ ನಂಬರ್ ಓಡುತ್ತಿತ್ತು, ಪ್ರಾಯೋಜಕರ ಹೆಸರು ಬರುತ್ತಿತ್ತು. ಆ ಅಭ್ಯಾಸ ಜನರಿಗೆ ಆಗಲೇ ಆಗಿದೆ. ಈಗ ಬೇಕಾದದ್ದು ಕ್ಯಾಮೆರಾ ಹಿಡಿಯುವ ಒಬ್ಬ ಮೊಮ್ಮಗ.

ಕಾರವಾರದವರಿಗೆ ಇನ್ನೊಂದು ಅನುಕೂಲ ಇದೆ. ಕೊಂಕಣಿಯಲ್ಲಿ ಮಾಡಿದರೆ ಗಡಿಯಾಚೆ ಗೋವಾ ಸಿಗುತ್ತದೆ. ಅಲ್ಲಿ ತಿಯಾತ್ರ್ ನಾಟಕಗಳಿಗೆ ಟಿಕೆಟ್ ಕೊಂಡು ನೋಡುವ ಜನರಿದ್ದಾರೆ, ನಗೆಗೆ ದುಡ್ಡು ಕೊಡುವುದು ಅವರಿಗೆ ವಿಶೇಷ ಅಲ್ಲ. ಮಾತಿನ ಧಾಟಿ ಸ್ವಲ್ಪ ಬೇರೆ. ಆ ಬೇರೆತನವೇ ಅರ್ಧ ಹಾಸ್ಯ.

ಇಷ್ಟೆಲ್ಲ ಕೇಳಿ ಉತ್ಸಾಹ ಬಂದವರು ಮಾಡುವ ತಪ್ಪೊಂದಿದೆ. ಜಾಸ್ತಿ ಮಾತು ಕೊಡುವುದು. ವಾರಕ್ಕೆರಡು ವಿಡಿಯೋ, ವಾರಕ್ಕೊಂದು ಲೈವ್, ಎಲ್ಲರ ಹುಟ್ಟುಹಬ್ಬಕ್ಕೂ ಶುಭಾಶಯ. ಎರಡು ತಿಂಗಳು ನಡೆಯುತ್ತದೆ. ಮೂರನೇ ತಿಂಗಳು ಅಡಿಕೆ ಕೊಯ್ಲು ಬರುತ್ತದೆ. ಪುಕ್ಕಟೆ ನೋಡುವವರು ವಿಡಿಯೋ ಬಾರದಿದ್ದರೆ ಮರೆತುಬಿಡುತ್ತಾರೆ. ದುಡ್ಡು ಕೊಟ್ಟವರು ಮರೆಯುವುದಿಲ್ಲ, ಕೇಳುತ್ತಾರೆ. ಕೇಳುವುದು ಅವರ ಹಕ್ಕು. ತಿಂಗಳಿಗೆ ಒಂದು ಲೈವ್, ಎರಡು ಚೌಕಿ ವಿಡಿಯೋ ಅಂತ ಕಡಿಮೆ ಹೇಳಿ, ಆದಾಗ ಒಂದು ಜಾಸ್ತಿ ಕೊಡುವುದು ಜಾಣತನ. ನಮ್ಮ ಕಡೆ ಲೈವ್ ಇಡುವವರು ಆಷಾಢದ ಸಂಜೆ ಇಡಲೇಬಾರದು. ಒಂದು ಗುಡುಗು ಬಿದ್ದರೆ ಕರೆಂಟು ಹೋಯಿತು, ಹಿಂದೆಯೇ ನೆಟ್ಟೂ ಹೋಯಿತು. ನನ್ನ ಸ್ನೇಹಿತ ಒಮ್ಮೆ ನೆಟ್ ಹುಡುಕುತ್ತ ಗುಡ್ಡದ ತುದಿಗೆ ಹೋಗಿ, ಕೊಡೆ ಹಿಡಿದುಕೊಂಡು, ಕಾಲಿಗೆ ಹತ್ತಿದ ಉಂಬಳ ಕೀಳುತ್ತ ಲೈವ್ ಮಾಡಿದ. ಅವತ್ತು ಬಂದಷ್ಟು ಸೂಪರ್ ಚಾಟ್ ಮತ್ತೆ ಯಾವತ್ತೂ ಬರಲಿಲ್ಲ ಅನ್ನುವುದು ಬೇರೆ ವಿಷಯ.

ಈಗ ಅವನಿಗೆ 83 ಮೆಂಬರ್‌ಗಳು. ಈ ಸಲ ಜುಲೈಗೆ ಮೊದಲೇ ಬರೆದು ಹಾಕಿದ್ದ: "ಅಡಿಕೆ ಕೊಳೆರೋಗಕ್ಕೆ ಮದ್ದು ಹೊಡೆಯುವ ಕಾಲ, ಹದಿನೈದು ದಿನ ವಿಡಿಯೋ ಇಲ್ಲ, ಬೇಡ ಅನ್ನುವವರು ಬಿಟ್ಟು ಹೋಗಬಹುದು." ಬಿಟ್ಟು ಹೋದವರು ಇಬ್ಬರು. ಉಳಿದವರಲ್ಲಿ ಹನ್ನೊಂದು ಜನ ಮದ್ದು ಹೊಡೆಯುವುದನ್ನೇ ವಿಡಿಯೋ ಮಾಡಿ ಹಾಕು ಅಂತ ಬರೆದರು. ಅಮ್ಮನೂ ಅದರಲ್ಲಿ ಇರಲಿ ಅಂತ ಒಬ್ಬರು ಸೇರಿಸಿದ್ದರು.